ಮಂಕಾದ ಆರಿದ್ರಾ, ಎರಡು ಕ್ಯಾಮೆರಾ

2019ರ ಡಿಸೆಂಬರ್‌ನಲ್ಲಿ ಕಾಲೇಜಿನ ಹುಡುಗರ ಬಾಯಲ್ಲೆಲ್ಲ ಒಂದೇ ಪ್ರಶ್ನೆ: ಬೆಟೆಲ್‌ಗೀಸ್ ಸಿಡಿಯುತ್ತಾ? ಓರಿಯನ್ ನಕ್ಷತ್ರಪುಂಜದ ಹೆಗಲ ಮೇಲಿನ ಆ ಕೆಂಪು ನಕ್ಷತ್ರ, ಅಂದರೆ ನಮ್ಮ ಆರಿದ್ರಾ, ವಾರದಿಂದ ವಾರಕ್ಕೆ ಮಂಕಾಗುತ್ತಿತ್ತು. ಭೌತಶಾಸ್ತ್ರ ಪಾಠ ಮಾಡುವ ನನಗೆ ಬೇರೆಯೇ ಕುತೂಹಲ. ಆ ನಕ್ಷತ್ರದ ಮೇಲ್ಮೈ ತಾಪ ಸುಮಾರು 3500 ಕೆಲ್ವಿನ್. ಅಷ್ಟು ಬಿಸಿಯಿರುವ ವಸ್ತು ಅತಿ ಹೆಚ್ಚು ಬೆಳಗುವುದು 830 ನ್ಯಾನೊಮೀಟರ್ ಆಸುಪಾಸಿನಲ್ಲಿ. ಅದು ಅವಕೆಂಪು, ಕಣ್ಣಿಗೆ ಕಾಣಲ್ಲ. ಜನ ನೋಡಿ ಗಾಬರಿಯಾಗಿದ್ದು ಅದರ ಬೆಳಕಿನ ಒಂದು ಸಣ್ಣ ಪಾಲನ್ನಷ್ಟೇ. ಉಳಿದದ್ದೂ ಇಳಿದಿದೆಯಾ ಅಂತ ಅಳೆಯದೆ ಸುಮ್ನೆ ಮಾತಾಡಿ ಏನು ಪ್ರಯೋಜನ?

ಚಿತ್ರದುರ್ಗದ ಊರೊಳಗೆ ದೀಪಗಳ ಬೆಳಕು ಜಾಸ್ತಿ. ಹಾಗಾಗಿ ಚಳ್ಳಕೆರೆ ಕಡೆ ಭಾವನ ಹೊಲದ ಮನೆಗೆ ಹೋಗುತ್ತಿದ್ದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ ಅದು. ಶೇಂಗಾ ಬಿತ್ತುವವರಿಗೆ ಕಷ್ಟ, ನನಗೆ ಅನುಕೂಲ. ಹೇಳಿಕೊಳ್ಳೋಕೆ ಸ್ವಲ್ಪ ಸಂಕೋಚವೇ. ಗಾಳಿಯ ಕಾಟ ಮಾತ್ರ ಇತ್ತು. ಸ್ಟ್ಯಾಂಡಿಗೆ ಇಟ್ಟಿಗೆ ತುಂಬಿದ ಚೀಲ ನೇತುಹಾಕಿದ ಮೇಲೆ ಕ್ಯಾಮೆರಾ ಅಲುಗಾಡಲಿಲ್ಲ.

ಟೆಲಿಸ್ಕೋಪ್ ಬೇಕಾಗಲಿಲ್ಲ. ಇಷ್ಟು ಪ್ರಕಾಶದ ನಕ್ಷತ್ರಕ್ಕೆ ಅದು ತೊಡಕೇ. ಎರಡು ಡಿಎಸ್ಎಲ್ಆರ್, ಎರಡಕ್ಕೂ 35 ಮಿ.ಮೀ. ಲೆನ್ಸ್. ಒಂದು ಮಾಮೂಲಿ ಕ್ಯಾಮೆರಾ. ಇನ್ನೊಂದು ಹಳೆಯದು, ಸೆನ್ಸರ್ ಮುಂದೆ ಅವಕೆಂಪು ಬೆಳಕನ್ನು ತಡೆಯುವ ಗಾಜು ಇರುತ್ತದಲ್ಲ, ಅದನ್ನು ರಿಪೇರಿಯವರ ಕೈಲಿ ತೆಗೆಸಿದೆ. ಲೆನ್ಸಿಗೆ ಅವಕೆಂಪನ್ನಷ್ಟೇ ಒಳಗೆ ಬಿಡುವ 850 ನ್ಯಾನೊಮೀಟರ್ ಫಿಲ್ಟರ್ ಹಾಕಿದೆ. ಕೆಲಸ ಸರಿಯಾಗಿದೆಯಾ ನೋಡಲು ಕತ್ತಲೆಯಲ್ಲಿ ಟಿವಿ ರಿಮೋಟ್ ಒತ್ತಿ ಫೋಟೋ ತೆಗೆಯಿರಿ. ಬರಿಗಣ್ಣಿಗೆ ಏನೂ ಕಾಣಲ್ಲ, ಫೋಟೋದಲ್ಲಿ ಟಾರ್ಚ್ ಬಿಟ್ಟ ಹಾಗೆ ಇರುತ್ತದೆ.

ಅಳತೆ ಅಂದರೆ ಹೋಲಿಕೆಯೇ. ನಾನು ಹೋಲಿಸಿದ್ದು ರೋಹಿಣಿ ನಕ್ಷತ್ರದ ಜೊತೆ. ಅದರ ಪ್ರಕಾಶಾಂಕ (ಈ ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂಕು) ಸುಮಾರು 0.86, ಬಣ್ಣವೂ ಕೆಂಪಿನ ಕಡೆಯದು. ಬಿಳಿ ನಕ್ಷತ್ರದ ಜೊತೆ ಹೋಲಿಸಿದರೆ ಬಣ್ಣದ ತಿದ್ದುಪಡಿ ದೊಡ್ಡ ತಲೆನೋವು. ಲೆನ್ಸಿನ ಅಂಚಿನಲ್ಲಿ ಬೆಳಕು ಇಳಿಯುವುದರಿಂದ ಎರಡೂ ನಕ್ಷತ್ರ ಫ್ರೇಮಿನ ನಡುವಿನಿಂದ ಸಮಾನ ದೂರದಲ್ಲಿ ಇರಬೇಕು. ಫೋಕಸ್ ಬೇಕಂತಲೇ ಸ್ವಲ್ಪ ಕೆಡಿಸುತ್ತೇನೆ. ಬೆಳಕು ಹತ್ತಾರು ಪಿಕ್ಸೆಲ್‌ಗೆ ಹರಡುತ್ತದೆ, ಯಾವುದೂ ತುಂಬಿ ಹೋಗಲ್ಲ. ಐದು ಸೆಕೆಂಡಿನ ಫೋಟೋಗಳನ್ನು ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಾನೇ ತಿದ್ದದ ರೂಪದಲ್ಲಿ, ಸಾಲಾಗಿ ತೆಗೆದು ಸರಾಸರಿ ಹಿಡಿದರೆ ಮಿನುಗಾಟ ಅಡಗುತ್ತದೆ. ಆಮೇಲೆ, ಸೆನ್ಸರಿನದೇ ಸುಳ್ಳು ಬೆಳಕನ್ನು ಕಳೆಯಲು, ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಕಪ್ಪು ಫೋಟೋಗಳು. ಬೆಳಗಾಗುವ ಹೊತ್ತಿಗೆ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಲೆನ್ಸಿಗೆ ಎಳೆದು ಕಟ್ಟಿ, ಆಕಾಶಕ್ಕೆ ತಿರುಗಿಸಿ ಕೆಲವು ಫೋಟೋ. ಅಂಚಿನ ಮಬ್ಬು, ಸೆನ್ಸರ್ ಮೇಲಿನ ಧೂಳು ಎಲ್ಲ ಇದರಿಂದ ಸರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಫೋಟೋದಿಂದ ನಕ್ಷತ್ರದ ಬೆಳಕು ಅಳೆಯಲು ಆಸ್ಟ್ರೋಇಮೇಜ್‌ಜೆ ತಂತ್ರಾಂಶ ಸಾಕು, ಉಚಿತ. ಮಾಮೂಲಿ ಕ್ಯಾಮೆರಾದ ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಎಣಿಸಿದರೆ ಕಣ್ಣಿಗೆ ಕಾಣುವ ಬೆಳಕನ್ನು ಅಳೆಯಲು ಖಗೋಳದವರು ಬಳಸುವ ವಿ ಬ್ಯಾಂಡಿಗೆ ಹತ್ತಿರ ಬರುತ್ತದೆ.

ಒಂದು ರಾತ್ರಿ ಪಕ್ಕದ ಹೊಲದ ಅಜ್ಜ ಬಂದರು.

"ಏನ್ ಮೇಷ್ಟ್ರೇ, ಇದೇನಾ ಆರಿದ್ರಾ? ಮತ್ತೆ ಆರಿದ್ರಾ ಮಳೆ ಬರೋ ಹೊತ್ನಾಗೆ ಇದು ಕಾಣಲ್ವಲ್ಲ?"

"ಆಗ ಸೂರ್ಯ ಅದರ ಹತ್ರಾನೇ ಇರ್ತಾನೆ ಅಜ್ಜಾ. ಅದಕ್ಕೇ ಆ ಮಳೆಗೆ ಆ ಹೆಸರು."

ಬೇಸಿಗೆಯ ಕೊನೆಯಿಂದ ಜುಲೈ ಮುಗಿಯುವವರೆಗೂ ನನ್ನ ಗ್ರಾಫ್ ಖಾಲಿ ಇರುವುದಕ್ಕೂ ಇದೇ ಕಾರಣ.

ಸಾಮಾನ್ಯವಾಗಿ 0.5 ಪ್ರಕಾಶಾಂಕದ ಹತ್ತಿರ ಇರುವ ಆರಿದ್ರಾ 2020ರ ಫೆಬ್ರವರಿಯಲ್ಲಿ ಸುಮಾರು 1.6ರಷ್ಟು ಮಂಕಾಯಿತು. ಓರಿಯನ್‌ನ ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್‌ಗೆ ಸರಿಸಮ. ಕಣ್ಣಿಗೆ ಕಾಣುವ ಬೆಳಕು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲಾಗಿತ್ತು. ಆದರೆ ನನ್ನ ಅವಕೆಂಪು ಕ್ಯಾಮೆರಾದಲ್ಲಿ ಇಳಿಕೆ ಅದಕ್ಕಿಂತ ತುಂಬಾ ಕಡಿಮೆ. ಗ್ರಾಫಿನ ಎರಡು ಗೆರೆ ದೂರ ದೂರ ಸರಿಯುತ್ತಾ ಹೋದವು. ಅದೇ ತಿಂಗಳು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಓಬ್ರಯನ್ ವೀಕ್ಷಣಾಲಯದವರೂ ಅವಕೆಂಪಿನಲ್ಲಿ ನಕ್ಷತ್ರ ಹಳೆಯ ಹಾಗೇ ಇದೆ ಅಂತ ಪ್ರಕಟಿಸಿದರು. ಹುಡುಗರಿಗೆ ಗ್ರಾಫ್ ತೋರಿಸಿ, ಸ್ಫೋಟದ ಮಾತು ಸದ್ಯಕ್ಕೆ ಬೇಡ ಅಂದೆ.

ಇಷ್ಟಾದರೂ ಕಾರಣ ಧೂಳೋ, ನಕ್ಷತ್ರ ತಣ್ಣಗಾದದ್ದೋ ಅಂತ ನನ್ನ ಸಲಕರಣೆ ಹೇಳಲಾರದು. ಧೂಳು ಕಣ್ಣಿಗೆ ಕಾಣುವ ಬೆಳಕನ್ನೇ ಹೆಚ್ಚು ತಡೆಯುತ್ತದೆ. ತಣ್ಣಗಾದರೂ ಹಾಗೇ: ಟೈಟಾನಿಯಂ ಆಕ್ಸೈಡ್ ಅಣುಗಳು ಹೆಚ್ಚಾಗಿ ಅದೇ ಬೆಳಕನ್ನು ನುಂಗುತ್ತವೆ. ಧೂಳೇ ಬೆಚ್ಚಗೆ ಬೆಳಗುವುದನ್ನು ನೋಡಬೇಕೆಂದರೆ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 1000 ನ್ಯಾನೊಮೀಟರ್) ಆಸುಪಾಸಿಗೆ ಹೋಗಬೇಕು. ನಮ್ಮ ಸಿಲಿಕಾನ್ ಸೆನ್ಸರ್ 1.1 ಮೈಕ್ರಾನ್‌ಗೇ ಕುರುಡು. ಆ ಕೆಲಸ ಮಾಡಿದ್ದು ಜಪಾನಿನ ಹವಾಮಾನ ಉಪಗ್ರಹ ಹಿಮವಾರಿ-8. ಭೂಮಿಯ ಫೋಟೋ ತೆಗೆಯುವಾಗ ಅಂಚಿನಲ್ಲಿ ಆಗಾಗ ಬೆಟೆಲ್‌ಗೀಸ್ ಸಿಕ್ಕಿಬೀಳುತ್ತಿತ್ತು. ಕಣ್ಣಿಗೆ ಕಾಣುವ ಬೆಳಕಿನಿಂದ ಹಿಡಿದು 13 ಮೈಕ್ರಾನ್‌ವರೆಗಿನ ಆ ಫೋಟೋಗಳನ್ನು ಕೆದಕಿದವರು 2022ರಲ್ಲಿ ಉತ್ತರ ಕೊಟ್ಟರು: ತಾಪ ಸುಮಾರು 140 ಡಿಗ್ರಿ ಇಳಿದಿತ್ತು, ಹೊಸ ಧೂಳೂ ಹುಟ್ಟಿತ್ತು, ಎರಡರ ಪಾಲೂ ಹೆಚ್ಚುಕಮ್ಮಿ ಸಮ. ಮೋಡ ನೋಡಲು ಹಾರಿಸಿದ ಉಪಗ್ರಹ ಅದು!

ಈಗಲೂ ಪ್ರತಿ ಚಳಿಗಾಲ ಅಳೆಯುತ್ತೇನೆ. ಚಿತ್ರದುರ್ಗದಿಂದ ಆರಿದ್ರಾ ನೆತ್ತಿಯಿಂದ ಏಳು ಡಿಗ್ರಿ ದೂರಕ್ಕೇ ಬರುತ್ತದೆ. ಆ ಹೊತ್ತಿಗೆ ಅಳೆದರೆ ಗಾಳಿಯ ಪದರದ ತಿದ್ದುಪಡಿ ಲೆಕ್ಕಕ್ಕೇ ಇಲ್ಲ. ಏಪ್ರಿಲ್ ಅರ್ಧ ಕಳೆದ ಮೇಲೆ ಸಂಜೆಗೇ ಪಶ್ಚಿಮಕ್ಕೆ ವಾಲಿರುತ್ತದೆ, ರೋಹಿಣಿ ಇನ್ನೂ ಕೆಳಗೆ. ಆಗಿನ ಅಳತೆಗಳನ್ನು ನಾನು ಗ್ರಾಫಿಗೆ ಸೇರಿಸುವುದಿಲ್ಲ.