ಊರಿನ ತೋಟಕ್ಕೆ ಮಳೆ ವಿಮೆ ಮಾಡಿಸುವುದು ಹೇಗೆ?

ಯಲಹಂಕದಲ್ಲಿ ರಸ್ತೆ ಹೊಳೆಯಾಗಿ ಹರಿಯುವಾಗ ಜಯನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಬೆಂಗಳೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಊರಲ್ಲಿರುವ ಅಪ್ಪನ ಅಡಿಕೆ ತೋಟಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವಾಗ ಇದೇ ಸಂಗತಿ ಮರೆತುಹೋಗುತ್ತದೆ. ಜೂನ್ ಬಂತೆಂದರೆ ನನಗೆ ನಾಲ್ಕೈದು ಫೋನ್ ಬರುತ್ತವೆ. "ಕಂತು ಎಷ್ಟು?" ಅಷ್ಟೇ ಪ್ರಶ್ನೆ. ಕಟ್ಟಿ ಸುಮ್ನಾಗುತ್ತಾರೆ, ಮುಂದಿನ ವರ್ಷ ಮತ್ತೆ ಫೋನ್ ಮಾಡಿ "ಕೊಳೆರೋಗಕ್ಕೆ ಅರ್ಧ ಫಸಲು ಹೋಯ್ತು, ಬಿಡಿಗಾಸು ಬರಲಿಲ್ಲ" ಅಂತ ಬೈಯುತ್ತಾರೆ.

ಈ ವಿಮೆಯಲ್ಲಿ ನಿಮ್ಮ ಗೊನೆ ನೋಡಲು ಯಾರೂ ಬರುವುದಿಲ್ಲ. ನೋಡುವುದು ಪಂಚಾಯಿತಿಗೆ ಗೊತ್ತು ಮಾಡಿದ ಮಳೆ ಮಾಪಕದ ಅಂಕಿಯನ್ನು. ಕೆಲವು ಬೆಳೆಗೆ ಉಷ್ಣಾಂಶ, ತೇವಾಂಶವೂ ಸೇರುತ್ತದೆ. ತೋಟ ಹಾಳಾಗಿದ್ದರೂ ಮಾಪಕ ಸರಿ ಅಂದರೆ ದುಡ್ಡಿಲ್ಲ. ತೋಟ ಚೆನ್ನಾಗಿದ್ದು ಮಾಪಕ ಏರುಪೇರು ತೋರಿಸಿದರೆ ದುಡ್ಡು ಬರುತ್ತದೆ!

ಮೊದಲು, ನಿಮ್ಮ ಬೆಳೆ ಯಾವ ಯೋಜನೆಯದು ನೋಡಿ. ಅಡಿಕೆ, ಕಾಳುಮೆಣಸು, ಮಾವು, ದಾಳಿಂಬೆಯಂಥವು ಹವಾಮಾನ ವಿಮೆಗೆ ಬರುತ್ತವೆ. ರಾಗಿ, ತೊಗರಿಯಂಥವು 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಗೆ. ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಅಂದರೆ ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ, ಇಳುವರಿ ಲೆಕ್ಕ ಹಾಕುತ್ತಾರೆ, ಆ ದಾರಿಯೇ ಬೇರೆ. ನಿಮ್ಮ ಪಂಚಾಯಿತಿ, ಬೆಳೆ, ಕೊನೆ ದಿನ ಮೂರೂ ರಾಜ್ಯ ಸರ್ಕಾರದ ಬೆಳೆ ವಿಮೆ ಜಾಲತಾಣ 'ಸಂರಕ್ಷಣೆ'ಯಲ್ಲಿ ಸಿಗುತ್ತವೆ. ಕೊನೆ ದಿನದವರೆಗೆ ಕಾಯಬೇಡಿ, ಅವತ್ತು ಸರ್ವರ್ ಕೈಕೊಡುತ್ತದೆ.

ಕಾಗದಪತ್ರ ಸುಲಭ: ಪಹಣಿ, ಆಧಾರ್, ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆ). ಎಡವುವುದು ಬೆಳೆ ಸಮೀಕ್ಷೆಯಲ್ಲಿ, ಅಂದರೆ ಯಾವ ಜಮೀನಿನಲ್ಲಿ ಯಾವ ಬೆಳೆ ಇದೆ ಅಂತ ಸರ್ಕಾರ ಬರೆದುಕೊಳ್ಳುವ ಲೆಕ್ಕದಲ್ಲಿ. ವಿಮೆಗೆ ಬರೆಸಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವುದು ಇನ್ನೊಂದು ಆದರೆ ಅರ್ಜಿ ಬಿದ್ದುಹೋಗುತ್ತದೆ. ಒಂದು ವರ್ಷ ನಮ್ಮ ಚಿಕ್ಕಪ್ಪನ ತೋಟವನ್ನು ಸಮೀಕ್ಷೆಗೆ ಬಂದ ಹುಡುಗ ರಸ್ತೆಯಲ್ಲೇ ನಿಂತು 'ಖಾಲಿ ಜಾಗ' ಅಂತ ಬರೆದುಕೊಂಡು ಹೋಗಿದ್ದ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ, ತಪ್ಪಿದ್ದರೆ ಆಗಲೇ ಆಕ್ಷೇಪಣೆ ಹಾಕಿ.

ಹವಾಮಾನ ವಿಮೆಯಲ್ಲಿ ನೀವು ಕಟ್ಟುವ ಕಂತು ಅಂದರೆ ವಿಮಾ ಮೊತ್ತದ ಶೇ 5. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ಮೊತ್ತ ಇದ್ದರೆ ಕಂತು 6,400. ಎಕರೆಗೆ ಸುಮಾರು 2,590. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ಬೆಳೆಸಾಲ ಇದ್ದರೆ, ಬೇಡ ಎಂದು ಮೊದಲೇ ಬರೆದುಕೊಡದಿದ್ದರೆ ಬ್ಯಾಂಕೇ ಕಂತು ಮುರಿದುಕೊಳ್ಳುತ್ತದೆ. ಹಾಗಾಗಿ ಸೇವಾ ಕೇಂದ್ರದಲ್ಲಿ ಮತ್ತೊಮ್ಮೆ ಕಟ್ಟಬೇಡಿ.

ಈಗ ಅಸಲು ಕೆಲಸ: ಟರ್ಮ್ ಶೀಟ್, ಅಂದರೆ ಪರಿಹಾರದ ಷರತ್ತುಗಳ ಪಟ್ಟಿ ಓದುವುದು. ಇದನ್ನು ಓದದೆ ಕಂತು ಕಟ್ಟಲೇಬೇಡಿ. ಒಂದೆರಡು ಪುಟದ ಕೋಷ್ಟಕ ಅಷ್ಟೇ, ಆದರೆ ನೋಡಿದ ತಕ್ಷಣ ತಲೆ ತಿರುಗುತ್ತದೆ. ಅದರಲ್ಲಿ ನಾಲ್ಕು ವಿಷಯ ಹುಡುಕಿ. ಅವಧಿ, ಅಂದರೆ ಯಾವ ತಾರೀಕಿನಿಂದ ಯಾವ ತಾರೀಕಿಗೆ. ಟ್ರಿಗರ್, ಅಂದರೆ ಪರಿಹಾರ ಶುರುವಾಗುವ ಗೆರೆ. ಎಕ್ಸಿಟ್, ಆ ಅವಧಿಯ ಪೂರ್ತಿ ಪರಿಹಾರ ಸಿಗುವ ಗೆರೆ. ಮತ್ತೆ ಒಂದು ಮಿಲಿಮೀಟರಿಗೆ ಎಷ್ಟು ರೂಪಾಯಿ.

ಲೆಕ್ಕ ತೋರಿಸಲು ನಾನೇ ಒಂದು ಅಂಕಿ ಹಾಕುತ್ತೇನೆ. ಮಳೆ ಕೊರತೆಗೆ ಟ್ರಿಗರ್ 200 ಮಿ.ಮೀ., ಎಕ್ಸಿಟ್ 50, ದರ 40 ರೂಪಾಯಿ ಅಂದುಕೊಳ್ಳಿ. ಮಾಪಕದಲ್ಲಿ 140 ಮಿ.ಮೀ. ಬಿದ್ದಿದೆ. ಕೊರತೆ 60. ಪರಿಹಾರ ಹೆಕ್ಟೇರಿಗೆ 2,400. ನಿಮ್ಮದು ಒಂದೇ ಎಕರೆ ಆದರೆ ಸಾವಿರವೂ ಇಲ್ಲ. "1,28,000 ವಿಮೆ ಇತ್ತಲ್ಲ?" ಅಂತ ಕೇಳುವವರು ಇಲ್ಲೇ ಮೋಸ ಹೋಗುವುದು. ಆ ಮೊತ್ತವನ್ನು ಅವಧಿ ಅವಧಿಗೆ, ಮಳೆಗಿಷ್ಟು ಬಿಸಿಲಿಗಿಷ್ಟು ಅಂತ ಹಂಚಿಟ್ಟಿರುತ್ತಾರೆ. ಎಲ್ಲ ಅವಧಿಯೂ ಕೆಟ್ಟರೆ ಮಾತ್ರ ಪೂರ್ತಿ ಸಿಗುವುದು.

ಅತಿ ಮಳೆಗೆ ಇದೇ ಲೆಕ್ಕ ತಿರುಗಾಮುರುಗಾ. ಅವಧಿ ಆಗಸ್ಟ್ 15ಕ್ಕೆ ಮುಗಿದು 16ಕ್ಕೆ ಆಕಾಶ ಕಳಚಿಬಿದ್ದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಸತತ ಒಣ ದಿನಗಳ ಷರತ್ತು, ಅಂದರೆ ಇಷ್ಟು ದಿನ ಬಿಡದೆ ಒಣಗಿದರೆ ಪರಿಹಾರ ಅನ್ನುವುದು, ಇನ್ನೂ ನಾಜೂಕು. ಸಾಮಾನ್ಯವಾಗಿ 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನ ಒಣ ದಿನ. ಹದಿನೆಂಟು ದಿನ ನೆಲ ಬಿರುಕು ಬಿಟ್ಟಿದ್ದು, ಹತ್ತೊಂಬತ್ತನೇ ದಿನ ಮಾಪಕದ ಮೇಲೆ 3 ಮಿ.ಮೀ. ತುಂತುರು ಬಿತ್ತು ಅಂದರೆ ಎಣಿಕೆ ಮತ್ತೆ ಒಂದರಿಂದ ಶುರು. ದಿನ ಅಂದರೂ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ, ಅದನ್ನೂ ನೆನಪಿಡಿ.

ನಡುವೆ ಒಂದು ಮಾತು. ಮಳೆ ಅಳೆದು ಪರಿಹಾರ ಕೊಡುವುದು ಪರದೇಶದಿಂದ ಬಂದ ಹೊಸ ಐಡಿಯಾ ಅಂದುಕೊಂಡಿದ್ದೆ. ಆದರೆ ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲೇ ಮಳೆ ಆಧಾರಿತ ವಿಮೆಯ ಯೋಜನೆ ಬರೆದಿಟ್ಟಿದ್ದರು.

ಕಂತು ಕಟ್ಟಿದ ಮೇಲೆ ರಸೀದಿ ತಗೊಳ್ಳಿ, ಅದರಲ್ಲಿ ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ಅಲ್ಲೇ ನಿಂತು ಓದಿ. "ಆಮೇಲೆ ವಾಟ್ಸ್ಆ್ಯಪ್ ಮಾಡ್ತೀನಿ ಸಾರ್" ಅಂದರೆ ಒಪ್ಪಬೇಡಿ. "ಬೆಳೆ ಹೋದ್ರೆ ಗ್ಯಾರಂಟಿ ದುಡ್ಡು" ಅನ್ನುವ ಏಜೆಂಟರ ಹತ್ತಿರ ನಿಲ್ಲಲೇಬೇಡಿ.

ಮಳೆ ಬರೆದಿಡಿ. ಮಲೆನಾಡಿನಲ್ಲಿ ಎಷ್ಟೋ ಹಿರಿಯರಿಗೆ ಇದು ಮೊದಲಿಂದಲೂ ಅಭ್ಯಾಸ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಮಾಪಕ ಬೇಡ, ಒಂದೇ ಬಿಸಿಲಿಗೆ ಸೊಟ್ಟಗಾಗುತ್ತದೆ. ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿ, ಒಂದು ಸ್ಕೇಲು ಸಾಕು. ಈ ಡೈರಿ ವಿಮೆಗೆ ಸಾಕ್ಷಿಯಲ್ಲ. ಆದರೆ ಅಪ್ಪನ ಡಬ್ಬಿಯಲ್ಲಿ 90 ಮಿ.ಮೀ. ಇದ್ದ ದಿನ ಪಂಚಾಯಿತಿ ಮಾಪಕ ಸೊನ್ನೆ ತೋರಿಸಿದರೆ ಅದು ಕೆಟ್ಟಿರಬಹುದು ಅಂತ ಅವತ್ತೇ ಗೊತ್ತಾಗುತ್ತದೆ, ಅಲ್ವಾ? ಆ ಅಂಕಿಗಳು ಬರುವುದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ. ಅವರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ಮಳೆ ವಿವರ ಹೇಳುತ್ತಾರೆ. ತಕರಾರಿದ್ದರೆ ಆಗಲೇ ತೋಟಗಾರಿಕೆ ಇಲಾಖೆಗೆ ಬರೆದುಕೊಡಿ, ವರ್ಷ ಕಳೆದ ಮೇಲಲ್ಲ. ವಿಮೆಯ ದೂರಿಗೆ 14447.

ಪರಿಹಾರಕ್ಕೆ ಅರ್ಜಿ ಬೇಕಿಲ್ಲ, ತಾನಾಗಿ ಖಾತೆಗೆ ಬರುತ್ತದೆ. ಯಾವ ಖಾತೆಗೆ? ಆಧಾರ್ ಜೋಡಣೆಯಾದ ಖಾತೆಗೆ. ನಮ್ಮಪ್ಪನ ದುಡ್ಡು ಗ್ಯಾಸ್ ಸಬ್ಸಿಡಿಗೆ ಅಂತ ಯಾವಾಗಲೋ ತೆಗೆದಿದ್ದ ಹಳೇ ಖಾತೆಗೆ ಬಿದ್ದಿತ್ತು. ಎಂಟು ತಿಂಗಳು ನಾವು ವಿಮೆಯವರನ್ನು ಬೈದುಕೊಂಡು ಕೂತಿದ್ದೆವು.