ಎಂಜಿನ್ ದೀಪ ಆರಿಸುವ ಮೊದಲು ಕೋಡ್ ಬರೆದಿಟ್ಟುಕೊಳ್ಳಿ

ಹೊಸ ಗಾಡಿಯಲ್ಲಿ ಹಳದಿ ಎಂಜಿನ್ ದೀಪ ಹತ್ತಿದರೆ ಅದನ್ನು ಆರಿಸುವುದು ಎರಡು ನಿಮಿಷದ ಕೆಲಸ. ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿ ಒಂದು ಬಟನ್ ಒತ್ತಿದರೆ ಮುಗಿಯಿತು. ಆದರೆ ಆ ಬಟನ್ ಒತ್ತಿದ ಕೂಡಲೇ ದೀಪದ ಜೊತೆಗೆ ದೋಷದ ದಾಖಲೆಯೂ ಅಳಿಸಿಹೋಗುತ್ತದೆ. ವಾರಂಟಿಯಲ್ಲಿರುವ ಗಾಡಿಯ ಮಾಲೀಕನಿಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಸಿಗುವುದಿಲ್ಲ. ನನ್ನ ಗಾಡಿ ಸರಿಯಾದದ್ದೇ ಆ ದಾಖಲೆ ನನ್ನ ಫೋನಿನಲ್ಲಿ ಉಳಿದಿದ್ದರಿಂದ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಸಿಎನ್‌ಸಿ ಯಂತ್ರಗಳ ಮೇಲೆ ಕೆಲಸ ಮಾಡುವವನು. ನಮ್ಮ ಶಾಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಯಂತ್ರ ಅಲಾರಂ ಕೊಟ್ಟು ನಿಂತರೆ, ಅಲಾರಂ ನಂಬರ್ ಮತ್ತು ಆಗ ಯಾವ ಟೂಲ್, ಯಾವ ಸ್ಪೀಡ್ ಇತ್ತು ಅನ್ನೋದನ್ನು ರಜಿಸ್ಟರಿನಲ್ಲಿ ಬರೆಯದೆ ಯಾರೂ ರೀಸೆಟ್ ಒತ್ತುವಂತಿಲ್ಲ. ಕಾರಿನ ವಿಷಯದಲ್ಲೂ ನಾನು ಮಾಡಿದ್ದು ಇಷ್ಟೇ.

ಗಾಡಿ 1.2 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್, ಹೊಗೆ ನಿಯಂತ್ರಣದ ಬಿಎಸ್6 ನಿಯಮದ ಎರಡನೇ ಹಂತದ್ದು. ನಿಪ್ಪಾಣಿಯಲ್ಲಿ ಮದುವೆ ಮುಗಿಸಿ ಮನೆಮಂದಿಯೆಲ್ಲ ವಾಪಸ್ ಬರುತ್ತಿದ್ದೆವು. ಐದು ಜನ, ಡಿಕ್ಕಿ ತುಂಬಾ ಸಾಮಾನು, ಮಧ್ಯಾಹ್ನದ ಬಿಸಿಲಿಗೆ ಎಸಿ ಜೋರಾಗಿತ್ತು. ಹತ್ತರಗಿ ದಾಟಿ ವಂಟಮುರಿ ಘಾಟ್ ಏರುವಾಗ ಗಾಡಿಯ ಪಿಕಪ್ ಬಿತ್ತು, ಸೀಟಿನವರೆಗೂ ನಡುಕ ಬಂತು. ಹೆಂಡತಿ "ಗಾಡಿ ಯಾಕ್ರೀ ಹಿಂಗ ನಡಗಾಕತ್ತೈತಿ?" ಅಂತ ಕೇಳುವಷ್ಟರಲ್ಲಿ ಎಂಜಿನ್ ದೀಪ ಮಿಣಮಿಣ ಮಿಟುಕಲು ಶುರುವಾಯಿತು. ಕಾಲು ಸಡಿಲ ಬಿಟ್ಟೆ, ಎಸಿ ಬಂದ್ ಮಾಡಿದೆ, ಎಡಕ್ಕೆ ಬಂದು ನಿಧಾನಕ್ಕೆ ಓಡಿಸಿದೆ. ಏರು ಮುಗಿಯುತ್ತಿದ್ದಂತೆ ಮಿಟುಕುವುದು ನಿಂತು ದೀಪ ಒಂದೇ ಸಮನೆ ಉರಿಯತೊಡಗಿತು. ಕಾಕತಿ ಬರುವ ಹೊತ್ತಿಗೆ ನಡುಕವೂ ಇರಲಿಲ್ಲ.

ಸ್ಥಿರವಾಗಿ ಉರಿಯುವ ದೀಪಕ್ಕೂ ಮಿಟುಕುವ ದೀಪಕ್ಕೂ ಇರುವ ವ್ಯತ್ಯಾಸವನ್ನು ಗಾಡಿ ಡೆಲಿವರಿ ಕೊಡುವ ದಿನ ಯಾರೂ ಹೇಳುವುದಿಲ್ಲ. ಹೇಳಬೇಕು. ದೀಪ ಸ್ಥಿರವಾಗಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದು, ಕೆಂಪು ದೀಪ ಯಾವುದೂ ಇಲ್ಲದಿದ್ದರೆ ಸಾವಕಾಶ ಮನೆಗೆ ಹೋಗಿ ಒಂದೆರಡು ದಿನದಲ್ಲಿ ತೋರಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಮಿಟುಕಿದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸುಡದೆ ಹಾಗೇ ಹೊರಗೆ ಹೋಗುತ್ತಿದೆ. ನಮ್ಮ ಕಡೆ ಮೆಕ್ಯಾನಿಕ್ಕುಗಳು "ಮಿಸ್ಸಿಂಗ್ ಹೊಡ್ಯಾಕತ್ತೈತಿ" ಅನ್ನುವುದು ಇದಕ್ಕೇ. ಹಾಗೆ ಹೊರಬಿದ್ದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತದೆ. ಅದರೊಳಗಿನ ಜಾಲರಿ ಸೆರಾಮಿಕ್ಕಿನದು, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಅತಿಯಾಗಿ ಕಾದರೆ ಕರಗುತ್ತದೆ, ಬದಲಿಸಲು ಹೋದರೆ ದೊಡ್ಡ ರೊಕ್ಕ. ಆದ್ದರಿಂದ ದೀಪ ಮಿಟುಕಿದಾಗ ಎಕ್ಸಲರೇಟರ್ ಬಿಡಲೇಬೇಕು. ಆಮೇಲೂ ಮಿಟುಕುತ್ತಿದ್ದರೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಇನ್ನು ಕೆಂಪು ಎಣ್ಣೆಡಬ್ಬಿಯ ಗುರುತು ಅಥವಾ ಕೆಂಪು ಟೆಂಪರೇಚರ್ ಗುರುತು ಕಂಡರೆ ಕಾಯುವ ಮಾತೇ ಇಲ್ಲ, ಕಂಡಲ್ಲೇ ನಿಲ್ಲಿಸಬೇಕು.

ಮನೆಗೆ ಬಂದ ಮೇಲೆ ಬ್ಲೂಟೂತ್ ಅಡಾಪ್ಟರ್ ಹಚ್ಚಿದೆ. ಇಎಲ್‌ಎಂ 327 ಅನ್ನುವ ಈ ಚಿಕ್ಕ ಡಬ್ಬಿ ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ಸ್ಟೀಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿ ಕೂರಿಸಿ ಫೋನಿನ ಆ್ಯಪ್ ತೆರೆದರೆ ಆಯಿತು. ಐಫೋನ್ ಇರುವವರು ವೈಫೈ ಅಥವಾ ಹೊಸ ಬಗೆಯ ಬ್ಲೂಟೂತ್ ಆದ ಬಿಎಲ್‌ಇ ಇರುವ ಅಡಾಪ್ಟರ್ ನೋಡಿ ಕೊಳ್ಳಬೇಕು, ಹಳೆಯ ಬ್ಲೂಟೂತಿನದು ಅದಕ್ಕೆ ಕೂಡುವುದಿಲ್ಲ. ಓದಿ ಮುಗಿದ ಮೇಲೆ ಕಿತ್ತಿಡಿ, ಅಲ್ಲೇ ಬಿಟ್ಟರೆ ಕೆಲವು ಅಡಾಪ್ಟರುಗಳು ಬ್ಯಾಟರಿ ಇಳಿಸುತ್ತವೆ. ಆ್ಯಪಿನಲ್ಲಿ ಕೋಡ್ ಅಳಿಸುವ ಬಟನ್ ಕಣ್ಣಿಗೆ ರಾಚುವಂತೆ ಇರುತ್ತದೆ. ಅದನ್ನು ಮುಟ್ಟಬಾರದು.

ಬಂದ ಕೋಡ್ ಪಿ0302. ಪಿ ಅಂದರೆ ಎಂಜಿನ್ ಮತ್ತು ಗೇರ್ ಭಾಗ, ನಂತರದ ಸೊನ್ನೆ ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್, 3 ಅಂದರೆ ಇಗ್ನಿಷನ್ ಮತ್ತು ಮಿಸ್‌ಫೈರ್, ಕೊನೆಯ 02 ಅಂದರೆ ಎರಡನೇ ಸಿಲಿಂಡರ್. ಎಲ್ಲ ಸಿಲಿಂಡರುಗಳಲ್ಲೂ ಎಲ್ಲೆಂದರಲ್ಲಿ ಮಿಸ್ ಆಗಿದ್ದರೆ ಪಿ0300 ಬರುತ್ತಿತ್ತು. ಗಾಡಿ ಇದನ್ನು ಹಿಡಿಯುವ ಬಗೆ ಸೊಗಸಾಗಿದೆ: ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುವ ವೇಗವನ್ನು ಒಂದು ಸೆನ್ಸರ್ ಸದಾ ಅಳೆಯುತ್ತಿರುತ್ತದೆ, ಯಾವ ಸಿಲಿಂಡರಿನ ಸರದಿಯಲ್ಲಿ ವೇಗ ಕೊಂಚ ಕುಗ್ಗಿತೋ ಅದರ ಲೆಕ್ಕಕ್ಕೆ ಮಿಸ್ ಬೀಳುತ್ತದೆ.

ಕೋಡಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಅದರ ಪಕ್ಕದ ಫ್ರೀಜ್ ಫ್ರೇಮ್. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದನ್ನು ಗಾಡಿಯ ಕಂಪ್ಯೂಟರ್ ಅದರಲ್ಲಿ ಹಿಡಿದಿಡುತ್ತದೆ. ನನ್ನದರಲ್ಲಿ ಕೂಲಂಟ್ 94 ಡಿಗ್ರಿ, ಸುಮಾರು 3,000 ಆರ್‌ಪಿಎಂ, ಎಂಜಿನ್ ಮೇಲಿನ ಭಾರ, ಅಂದರೆ ಲೋಡ್, ಶೇಕಡಾ 90ರ ಹತ್ತಿರ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಶೇಕಡಾ 2, ಅಂದರೆ ಗಾಳಿ-ಪೆಟ್ರೋಲಿನ ಮಿಶ್ರಣ ತಿದ್ದಲು ಕಂಪ್ಯೂಟರ್ ಹೆಚ್ಚು ಒದ್ದಾಡಿಲ್ಲ. ಈ ಪರದೆಗಳ ಸ್ಕ್ರೀನ್‌ಶಾಟ್ ತೆಗೆದೆ, ಓಡಿದ ಕಿಲೋಮೀಟರ್ ಕಾಣುವಂತೆ ಡ್ಯಾಶ್‌ಬೋರ್ಡಿನ ಫೋಟೋ ತೆಗೆದೆ. ಬಾನೆಟ್ ಒಳಗೆ ಕೈ ಹಾಕಲಿಲ್ಲ. ವಾರಂಟಿ ಇರುವ ಗಾಡಿಯ ಸ್ಕ್ರೂ ನಾವು ಬಿಚ್ಚಿದರೆ ಆಮೇಲೆ ವಾದ ಬೇರೆ ಕಡೆ ಹೋಗುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಮರ್ಯಾದೆಯಿಂದಲೇ ಮಾತಾಡಿದ. "ಸರ್, ಇದು ಪೆಟ್ರೋಲ್ ಪ್ರಾಬ್ಲೆಮ್ ಇರಬೇಕ್ರಿ. ಈಗ ಇಪ್ಪತ್ ಪರ್ಸೆಂಟ್ ಇಥೆನಾಲ್ ಬರಾಕತ್ತೈತಲ್ರಿ. ಕೋಡ್ ಕ್ಲಿಯರ್ ಮಾಡಿ ಕೊಡ್ತೇವ್ರಿ, ಓಡಿಸಿ ನೋಡ್ರಿ."

ಈ ಉತ್ತರ ಈಗ ಎಲ್ಲ ಕಡೆ ಕೇಳಿಸುತ್ತದೆ, ಅದಕ್ಕೇ ಅದನ್ನು ಬಿಡಿಸಿ ನೋಡುವುದು ಅಗತ್ಯ. ಪೆಟ್ರೋಲಿನಲ್ಲಿ ನೀರು ಸೇರಿದ್ದರೆ, ಇಥೆನಾಲ್ ಬೇರ್ಪಟ್ಟಿದ್ದರೆ, ಆ ಪೆಟ್ರೋಲ್ ಮೂರೂ ಸಿಲಿಂಡರುಗಳಿಗೆ ಹೋಗುತ್ತದೆ. ಎರಡನೆಯದೊಂದೇ ಯಾಕೆ ಮಿಸ್ ಆಗಬೇಕು? ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವ ಐಡಲಿಂಗಿನಲ್ಲೂ ತೊಂದರೆ ಕೊಡಬೇಕಿತ್ತು, ಕೊಟ್ಟಿಲ್ಲ. ಟ್ರಿಮ್ಮಿನ ಅಂಕಿಯೂ ಹಾಗೆ ಹೇಳುವುದಿಲ್ಲ. ಅದೂ ಅಲ್ಲದೆ ನನ್ನ ಗಾಡಿಯ ಪೆಟ್ರೋಲ್ ಮುಚ್ಚಳದ ಹತ್ತಿರವೇ ಇ20, ಅಂದರೆ ಶೇಕಡಾ 20 ಇಥೆನಾಲ್ ಇರುವ ಪೆಟ್ರೋಲ್ ನಡೆಯುತ್ತದೆ ಅಂತ ಬರೆದಿದೆ. ಒಂದೇ ಸಿಲಿಂಡರಿಗೆ ಸೇರಿದ ವಸ್ತುಗಳಲ್ಲಿ ದೋಷ ಹುಡುಕಬೇಕು: ಕಿಡಿಗೆ ವೋಲ್ಟೇಜ್ ಕೊಡುವ ಅದರ ಕಾಯಿಲ್, ಕಿಡಿ ಹಾರಿಸುವ ಅದರ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಅದರ ಇಂಜೆಕ್ಟರ್, ಅವುಗಳ ವೈರು.

ಇದನ್ನೆಲ್ಲ ಹೇಳಿದೆ. ಅವರು ಗಾಡಿಯನ್ನು ಒಳಗೆ ಒಯ್ದು ನಿಂತಲ್ಲೇ ಎಂಜಿನ್ ಓಡಿಸಿ ನೋಡಿದರು. ಏನೂ ಸಿಗಲಿಲ್ಲ, ಕೋಡ್ ಅಳಿಸಿದರು. ನಾನು ಹಟ ಹಿಡಿದದ್ದು ಒಂದಕ್ಕೆ ಮಾತ್ರ: ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಅನ್ನುವ ಜಾಗದಲ್ಲಿ "ಜನರಲ್ ಚೆಕಪ್" ಅಂತ ಬರೆಯದೆ, "ಘಾಟ್ ಏರುವಾಗ ಎಂಜಿನ್ ದೀಪ ಮಿಟುಕಿತು, ಪಿ0302" ಅಂತಲೇ ಬರೆಯಬೇಕು. ಬರೆದರು. ಪ್ರತಿ ಇಸಿದುಕೊಂಡೆ.

ಊರೊಳಗೆ ಓಡಿಸುವಾಗ ದೀಪ ಬರಲಿಲ್ಲ, ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಗಾಡಿ ಶುರು ಮಾಡಿ, ಓಡಿಸಿ, ಬಂದ್ ಮಾಡುವ ಒಂದು ಸುತ್ತಿಗೆ ಡ್ರೈವ್ ಸೈಕಲ್ ಅನ್ನುತ್ತಾರೆ. ಸಾಮಾನ್ಯವಾಗಿ ಸತತ ಮೂರು ಡ್ರೈವ್ ಸೈಕಲ್‌ಗಳಲ್ಲಿ ದೋಷ ಕಾಣದಿದ್ದರೆ ಗಾಡಿ ತಾನೇ ದೀಪ ಆರಿಸುತ್ತದೆ. ಆದರೆ ಮಿಸ್‌ಫೈರ್ ವಿಷಯದಲ್ಲಿ ದೋಷ ಬಂದಾಗಿನ ವೇಗ, ಲೋಡು ಮತ್ತೆ ಬರುವವರೆಗೆ ಪರೀಕ್ಷೆಯೇ ಆಗಿಲ್ಲ ಅಂತ ತಿಳಿಯಬೇಕು. ಕಾಲೇಜ್ ರೋಡಿನ ಟ್ರಾಫಿಕ್ಕಿನಲ್ಲಿ ಎಷ್ಟು ಸುತ್ತಿದರೂ ಶೇಕಡಾ 90 ಲೋಡ್ ಎಲ್ಲಿಂದ ಬರಬೇಕು? ಮುಂದೆ ಹುಕ್ಕೇರಿ ಕಡೆ ಹೋಗಿ ಬರುವಾಗ ಅದೇ ಏರಿನಲ್ಲಿ ಅದೇ ಕೋಡ್ ಮತ್ತೆ ಬಂತು. ಫ್ರೀಜ್ ಫ್ರೇಮ್ ಹೆಚ್ಚುಕಡಿಮೆ ಅದೇ.

ಎರಡೂ ಫ್ರೀಜ್ ಫ್ರೇಮುಗಳನ್ನು ಪ್ರಿಂಟ್ ಹಾಕಿಸಿ ಒಯ್ದೆ. ಈ ಸಲ ಅಡ್ವೈಸರ್ ಜೊತೆ ಮಾತು ಬೆಳೆಸದೆ ವರ್ಕ್ಸ್ ಮ್ಯಾನೇಜರ್ ಹತ್ತಿರ ಹೋಗಿ, ಟೆಕ್ನಿಷಿಯನ್ ನನ್ನ ಜೊತೆ ಗಾಡಿಯಲ್ಲಿ ಘಾಟಿನವರೆಗೆ ಬರಬೇಕು ಅಂತ ಕೇಳಿದೆ. ಕಾರಣವನ್ನೂ ಹೇಳಿದೆ. ಲೋಡ್ ಹೆಚ್ಚಾದಷ್ಟೂ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದರೆ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್ ಐಡಲಿಂಗಿನಲ್ಲಿ ಸಲೀಸಾಗಿ ಕಿಡಿ ಕೊಡುತ್ತದೆ, ಬಿಸಿಯೇರಿ ಲೋಡ್ ಬಿದ್ದಾಗ ಕೈಕೊಡುತ್ತದೆ. ನಿಂತ ಗಾಡಿಯಲ್ಲಿ ಅದನ್ನು ಹಿಡಿಯಲು ಆಗುವುದಿಲ್ಲ.

ನನ್ನ ಜೊತೆ ಬಂದವರು ವಯಸ್ಸಾದ ಟೆಕ್ನಿಷಿಯನ್, ಕೈಯಲ್ಲಿ ಕಂಪನಿಯ ಸ್ಕ್ಯಾನರ್. ಪ್ರಿಂಟ್ ನೋಡಿದವರೇ "ಹೌದ್ರಿ, ಇದು ಲೋಡ್ ಮ್ಯಾಗಿನ ಮಿಸ್ಸಿಂಗ್ ಐತಿ. ಮೊದಲ ಕಾಯಿಲ್ ಅದಲು ಬದಲು ಮಾಡೂಣು" ಅಂದರು. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿದರು. ಪ್ಲಗ್, ಇಂಜೆಕ್ಟರ್ ಹಾಗೇ ಇದ್ದವು. ಒಂದೇ ಸಲಕ್ಕೆ ಎರಡು ವಸ್ತು ಬದಲಿಸಿದರೆ ದೋಷ ಯಾವುದರದು ಅಂತ ಗೊತ್ತಾಗುವುದಿಲ್ಲ, ಆ ಶಿಸ್ತು ಅವರಲ್ಲಿ ಕಂಡು ನನಗೆ ನೆಮ್ಮದಿಯಾಯಿತು. ಎಸಿ ಹಚ್ಚಿ ಘಾಟ್ ಏರಿಸಿದೆವು. ನಡುಕ ಬಂತು, ಸ್ಕ್ಯಾನರಿನಲ್ಲಿ ಪಿ0303 ಬಂತು. ದೋಷ ಕಾಯಿಲ್ ಹಿಂದೆಯೇ ಹೋಗಿತ್ತು. "ಕಾಕಾ, ಇನ್ನ ಪೆಟ್ರೋಲ್ ಮಾತಿಲ್ಲಲ್ರಿ?" ಅಂದೆ. "ಇಲ್ಲರಿ, ಕಾಯಿಲೇ. ನಾನೇ ಬರದು ಕೊಡ್ತೇನಿ" ಅಂದರು.

ಕಾಯಿಲ್ ವಾರಂಟಿಯಲ್ಲಿ ಬದಲಾಯಿತು, ರೊಕ್ಕ ಕೇಳಲಿಲ್ಲ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇರುವುದನ್ನು ನೋಡಿಕೊಂಡೆ. ಆ ಪ್ಲಗ್ ಕೂಡ ಬಿಚ್ಚಿ ತೋರಿಸಲು ಹೇಳಿದೆ, ಬಿಳಿ ಪಿಂಗಾಣಿಯಲ್ಲಿ ಸೀಳು ಬಿಟ್ಟಿದ್ದರೆ ಹೊಸ ಕಾಯಿಲ್ ಹಾಕಿದರೂ ಕಿಡಿ ಅಲ್ಲೇ ಸೋರುತ್ತಿತ್ತು. ಸೀಳು ಇರಲಿಲ್ಲ.

ಈ ನಡುವೆ ನೆಂಟರು, ಶಾಪಿನ ಗೆಳೆಯರು ಕೊಟ್ಟ ಸಲಹೆಗಳಲ್ಲಿ ಎರಡರ ಬಗ್ಗೆ ಹೇಳಲೇಬೇಕು. ಬ್ಯಾಟರಿ ವೈರ್ ತೆಗೆದು ಹಾಕು, ದೀಪ ಹೋಗುತ್ತದೆ ಅನ್ನುವುದು ಒಂದು. ಹೋಗಬಹುದು, ಜೊತೆಗೆ ಫ್ರೀಜ್ ಫ್ರೇಮೂ ಹೋಗುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡು ಅನ್ನುವುದು ಇನ್ನೊಂದು. ಅದು ಹೆಚ್ಚಾಗಿ ಅಮೆರಿಕದ ಗಾಡಿಗಳ ಅನುಭವದಿಂದ ಬಂದ ಮಾತು. ಅಲ್ಲಿ ಟ್ಯಾಂಕಿನ ಆವಿ ಸೋರುತ್ತಿದೆಯೇ ಅಂತ ಗಾಡಿಯೇ ಪರೀಕ್ಷಿಸಬೇಕೆಂಬ ನಿಯಮವಿದೆ. ನಮ್ಮ ಎಲ್ಲ ಗಾಡಿಗಳಲ್ಲೂ ಆ ಪರೀಕ್ಷೆ ಇರುವುದಿಲ್ಲ. ಮುಚ್ಚಳ ಬಿಗಿ ಮಾಡಿ, ನಷ್ಟವಿಲ್ಲ, ಆದರೆ ಕೋಡ್ ಓದದೆ ಅಷ್ಟಕ್ಕೇ ಬಿಡಬೇಡಿ. ಬೆಳಿಗ್ಗೆ ಕೀ ಆನ್ ಮಾಡಿದಾಗ ಎಂಜಿನ್ ದೀಪ ಹತ್ತಿ, ಎಂಜಿನ್ ಶುರುವಾದ ಮೇಲೆ ಆರುವುದು ಮಾತ್ರ ಸರಿಯಾದ ಲಕ್ಷಣ. ಕೀ ತಿರುಗಿಸಿದಾಗ ಆ ದೀಪ ಹತ್ತದೇ ಇದ್ದರೆ ಚಿಂತೆ ಮಾಡಬೇಕು, ಹಳೆ ಗಾಡಿ ಕೊಳ್ಳುವವರಂತೂ ಅದನ್ನು ಮೊದಲು ನೋಡಬೇಕು.

ಗಾಡಿ ತರುವ ಮೊದಲು ಇನ್ನೊಂದು ಸಾಲನ್ನು ಜಾಬ್ ಕಾರ್ಡಿನಲ್ಲಿ ಬರೆಸಿದೆ. ಮಿಸ್ ಆದಾಗಲೆಲ್ಲ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿದೆ. ಅದಕ್ಕೆ ಪೆಟ್ಟಾಗಿದ್ದರೆ ಇವತ್ತು ಗೊತ್ತಾಗದು, ಮುಂದೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡಾಗಿ ಬರಬಹುದು. ಆಗ "ಇದು ಬೇರೆ ವಿಷಯ" ಅನ್ನಲು ಯಾರಿಗೂ ದಾರಿ ಇರಬಾರದು. "ಕಾಯಿಲ್ ದೋಷದಿಂದ ಪದೇ ಪದೇ ಮಿಸ್‌ಫೈರ್ ಆಗಿದೆ, ಕನ್ವರ್ಟರ್ ಪರಿಶೀಲಿಸಲಾಗಿದೆ, ಸದ್ಯ ದೋಷವಿಲ್ಲ" ಅಂತ ವರ್ಕ್ಸ್ ಮ್ಯಾನೇಜರ್ ಬರೆದು ಸಹಿ ಹಾಕಿ ಸಿಕ್ಕಾ ಒತ್ತಿದರು. ಆ ಹಾಳೆ, ಎರಡು ಪ್ರಿಂಟುಗಳು ಮತ್ತು ಮೊದಲ ಜಾಬ್ ಕಾರ್ಡು ಆರ್‌ಸಿ, ಇನ್ಶೂರೆನ್ಸ್ ಇರುವ ಫೈಲಿನಲ್ಲೇ ಇವೆ. ವಾರಂಟಿ ಮುಗಿಯುವ ಮುನ್ನ ಇನ್ನೊಮ್ಮೆ ಅಡಾಪ್ಟರ್ ಹಚ್ಚಿ ಗಾಡಿ ತಾನೇ ಮಾಡುವ ಕನ್ವರ್ಟರಿನ ಪರೀಕ್ಷೆ ಪೂರ್ತಿಯಾಗಿದೆಯೇ, ಇನ್ನೂ ದೀಪ ಹತ್ತಿಸದ ಪೆಂಡಿಂಗ್ ಕೋಡ್ ಏನಾದರೂ ಇದೆಯೇ ಅಂತ ನೋಡುತ್ತೇನೆ.