ಕಿವಿಯಲ್ಲೇ ಇಮೇಲ್ ಓದಿ, ಕೀಬೋರ್ಡಲ್ಲೇ ಉತ್ತರ ಬರೆಯಿರಿ

ಗುಬ್ಬಿಯಿಂದ ಒಬ್ಬ ಹುಡುಗ ತುಮಕೂರಿನ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ನನ್ನ ಹಾಗೆ ಅವನಿಗೂ ಕಣ್ಣು ಕಾಣುವುದಿಲ್ಲ. ‘ಸಾರ್, ಕೆಲಸಕ್ಕೆ ಅರ್ಜಿ ಮೇಲ್ ಮಾಡಬೇಕು. ಇದು ವಟವಟ ಅಂತಾನೇ ಇರುತ್ತೆ, ನಾನು ಎಲ್ಲಿದ್ದೀನಿ ಅಂತ ಗೊತ್ತೇ ಆಗಲ್ಲ’ ಅಂದ.

‘ಮೊದಲು ಅದರ ಬಾಯಿ ಮುಚ್ಚಿಸೋದು ಕಲಿಯಪ್ಪಾ’ ಅಂದೆ. ಕಂಟ್ರೋಲ್ ಕೀ ಒಂದು ಸಲ ಒತ್ತಿದರೆ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಸುಮ್ಮನಾಗುತ್ತದೆ.

ವಿಂಡೋಸ್ ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಹಾಕಿಕೊಳ್ಳಿ. ಕಾಸು ಕೊಡಬೇಕಿಲ್ಲ. 2006ರಲ್ಲಿ ಇದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಯಂತ್ರದ ದನಿ, ಮೊದಲ ಎರಡು ದಿನ ತಲೆನೋವು ಬರುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ. ಇನ್‌ಸರ್ಟ್ ಅಥವಾ ಕ್ಯಾಪ್ಸ್ ಲಾಕ್ ಅನ್ನು ‘ಎನ್‌ವಿಡಿಎ ಕೀ’ ಮಾಡಿಕೊಳ್ಳಬಹುದು. ಅದರ ಜೊತೆ ‘ಟಿ’ ಒತ್ತಿದರೆ ಯಾವ ಕಿಟಕಿಯಲ್ಲಿದ್ದೀರಿ ಅಂತ ಹೇಳುತ್ತದೆ. ಅದೇ ಎನ್‌ವಿಡಿಎ ಕೀ ಜೊತೆ ಟ್ಯಾಬ್ ಒತ್ತಿದರೆ ಯಾವ ಬಟನ್ ಅಥವಾ ಬಾಕ್ಸ್ ಮೇಲಿದ್ದೀರಿ ಅಂತ ಹೇಳುತ್ತದೆ. ದಾರಿ ತಪ್ಪಿದಾಗೆಲ್ಲ ಈ ಎರಡನ್ನು ಕೇಳಿ.

ಮುಂದಿನದು ಜಿಮೇಲ್. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡಿ, ಕೊನೆಯಲ್ಲಿ ಸೇವ್ ಮಾಡಿ. ಸೇವ್ ಮರೆತು ‘ಯಾವುದೂ ಕೆಲಸ ಮಾಡ್ತಿಲ್ಲ’ ಅನ್ನುವವರೇ ಜಾಸ್ತಿ. ಆಮೇಲೆ ‘ಜೆ’ ಒತ್ತಿದರೆ ಕೆಳಗಿನ ಮೇಲ್, ‘ಕೆ’ ಒತ್ತಿದರೆ ಮೇಲಿನದು. ಎಂಟರ್ ಒತ್ತಿದರೆ ತೆರೆಯುತ್ತದೆ, ‘ಯು’ ಒತ್ತಿದರೆ ಪಟ್ಟಿಗೆ ವಾಪಸ್.

ಬಹಳ ಜನ ಬೇಸತ್ತು ಬಿಟ್ಟುಬಿಡುವುದು ಇಲ್ಲೇ. ಎನ್‌ವಿಡಿಎಗೆ ಎರಡು ಮೋಡ್ ಇವೆ. ಓದುವ ಬ್ರೌಸ್ ಮೋಡ್‌ನಲ್ಲಿ ಅಕ್ಷರದ ಕೀಗಳೆಲ್ಲ ಎನ್‌ವಿಡಿಎಯದ್ದೇ. ‘ಎಚ್’ ಹೆಡಿಂಗ್ ಹುಡುಕುತ್ತದೆ, ‘ಸಿ’ ಕಾಂಬೊ ಬಾಕ್ಸ್ (ಆಯ್ಕೆಗಳ ಪಟ್ಟಿ ಇರುವ ಬಾಕ್ಸ್) ಹುಡುಕುತ್ತದೆ. ಫೋಕಸ್ ಮೋಡ್‌ನಲ್ಲಿ ಅದೇ ಕೀ ನೇರ ಜಿಮೇಲಿಗೆ ಹೋಗುತ್ತದೆ. ಆಗ ‘ಸಿ’ ಅಂದರೆ ಹೊಸ ಮೇಲ್, ‘ಆರ್’ ಅಂದರೆ ಉತ್ತರ. ಎನ್‌ವಿಡಿಎ ಕೀ ಜೊತೆ ಸ್ಪೇಸ್ ಒತ್ತಿ ಮೋಡ್ ಬದಲಿಸಿ. ಎರಡಕ್ಕೂ ಬೇರೆ ಬೇರೆ ಸದ್ದಿದೆ, ಕಿವಿಯನ್ನು ಅದಕ್ಕೆ ಪಳಗಿಸಿಕೊಳ್ಳಿ. ಪಟ್ಟಿಯಲ್ಲಿ ಓಡಾಡಲು ಫೋಕಸ್ ಮೋಡ್, ತೆರೆದ ಮೇಲ್ ಓದಲು ಬ್ರೌಸ್ ಮೋಡ್ ಮತ್ತು ಕೆಳಗಿನ ಬಾಣದ ಕೀ. ಇಷ್ಟೇ ಲೆಕ್ಕ.

ನಾನೂ ಮೊದಲ ವಾರ ಎಡವಿದ್ದೆ. ಬರೆಯುವ ಬಾಕ್ಸ್ ಒಳಗೆ ಹೋಗಿದ್ದೇನೆ ಅಂದುಕೊಂಡು ಟೈಪ್ ಮಾಡಿದೆ. ಹೋಗಿರಲಿಲ್ಲ. ‘ಇ’ ಅಕ್ಷರ ಬಿದ್ದ ಕೂಡಲೇ ಅಣ್ಣನ ಮೇಲ್ ಇನ್‌ಬಾಕ್ಸ್‌ನಿಂದ ಮಾಯ. ಅಳಿಸಿ ಹೋಗಿರಲಿಲ್ಲ, ಆರ್ಕೈವ್ ಆಗಿತ್ತು, ಅಂದರೆ ಇನ್‌ಬಾಕ್ಸ್‌ನಿಂದ ಆಚೆ ಎತ್ತಿಟ್ಟ ಹಾಗೆ. ಹೀಗಾದರೆ ತಕ್ಷಣ ‘ಝಡ್’ ಒತ್ತಿ, ವಾಪಸ್ ಬರುತ್ತದೆ. ತಡವಾಗಿದ್ದರೆ ಆಲ್ ಮೇಲ್‌ನಲ್ಲಿ ಹುಡುಕಿ.

ಹೊಸ ಮೇಲ್‌ನಲ್ಲಿ ವಿಳಾಸ, ವಿಷಯ, ಮೇಲ್ ಬರೆಯುವ ಜಾಗ, ಒಂದರಿಂದ ಇನ್ನೊಂದಕ್ಕೆ ಟ್ಯಾಬ್. ವಿಳಾಸ ಬರೆದ ಮೇಲೆ ಎಡ ಬಲದ ಬಾಣದಿಂದ ಒಂದೊಂದೇ ಅಕ್ಷರ ಕೇಳಿ. ಎಂ ಮತ್ತು ಎನ್ ಕಿವಿಗೆ ಒಂದೇ ಥರ ಬೀಳುತ್ತವೆ, ಅಲ್ವಾ? ನಂಬರ್ ಪ್ಯಾಡ್ ಇದ್ದರೆ, ನಮ್ ಲಾಕ್ ಆಫ್ ಮಾಡಿ, ಅದರ 2ನ್ನು ಬೇಗ ಎರಡು ಸಲ ಒತ್ತಿ. ಅಕ್ಷರದ ಬದಲು ಒಂದು ಪದ ಹೇಳುತ್ತದೆ: ‘ಮೈಕ್’ ಅಂದರೆ ಎಂ, ‘ನವೆಂಬರ್’ ಅಂದರೆ ಎನ್. ನಮ್ಮ ಹುಡುಗನ ಅರ್ಜಿ ತಪ್ಪು ವಿಳಾಸಕ್ಕೆ ಹೋಗುವುದು ಇದರಿಂದಲೇ ತಪ್ಪಿತು.

ಫೈಲ್ ಸೇರಿಸಲು, ಬರೆಯುವ ಜಾಗದಿಂದ ಟ್ಯಾಬ್ ಒತ್ತುತ್ತಾ ಹೋದರೆ ಅಟ್ಯಾಚ್ ಬಟನ್ ಸಿಗುತ್ತದೆ. 25 ಎಂಬಿ ಒಳಗಿರಲಿ. ನಿಮಗೆ ಬಂದ ಪಿಡಿಎಫ್ ತೆರೆದರೆ ಉಸಿರೇ ಇಲ್ಲವೇ? ಅದು ಕಾಗದದ ಫೋಟೊ ಇರಬಹುದು, ಫೋಟೊದೊಳಗಿನ ಅಕ್ಷರವನ್ನು ಎನ್‌ವಿಡಿಎ ತಾನಾಗಿ ಓದುವುದಿಲ್ಲ. ನನಗೆ ಒಂದು ಕಚೇರಿಯಿಂದ ಬರುವ ಪತ್ರಗಳೆಲ್ಲ ಹೀಗೇ. ಸಂಕೋಚ ಬೇಡ, ‘ಟೈಪ್ ಮಾಡಿದ ಫೈಲನ್ನೇ ಕಳಿಸಿ’ ಅಂತ ಉತ್ತರ ಬರೆಯಿರಿ.

ಆಂಡ್ರಾಯ್ಡ್ ಫೋನ್‌ನಲ್ಲಿ ಅದರದ್ದೇ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಸಾಕು: ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಉದ್ದದ ಅರ್ಜಿಗೆ ಮಾತ್ರ ನಾನು ಕೀಬೋರ್ಡ್ ಬಿಡುವುದಿಲ್ಲ.

ಕಳಿಸಲು ಕಂಟ್ರೋಲ್ ಜೊತೆ ಎಂಟರ್. ಹೋಯಿತೋ ಇಲ್ಲವೋ ಅನುಮಾನವಿದ್ದರೆ ‘ಜಿ’ ಒತ್ತಿ, ತಕ್ಷಣ ‘ಟಿ’ ಒತ್ತಿ. ಕಳಿಸಿದ ಮೇಲ್‌ಗಳ ಪಟ್ಟಿ ತೆರೆಯುತ್ತದೆ. ಹುಡುಗ ಆ ಪಟ್ಟಿಯ ಮೊದಲ ಸಾಲನ್ನು ಮೂರು ಸಲ ಓದಿಸಿ ಕೇಳಿದ. ಆಮೇಲೆ ಕಂಟ್ರೋಲ್ ಒತ್ತಿ ಸುಮ್ಮನಾಗಿಸಿ, ಗುಬ್ಬಿ ಬಸ್ ಎಷ್ಟೊತ್ತಿಗೆ ಅಂತ ಕೇಳಿದ.